ಒತ್ತು

ಅಕ್ಷರಕ್ಕೆ ನಲವತ್ತು ಎಂದಿದ್ದ ಮ್ಯಾನೇಜರು
ನಾನು ಏಣಿ ಹತ್ತಿದ ಮೇಲೆ ಕೂಗಿದ:
ಒತ್ತಿಗೆ ದುಡ್ಡಿಲ್ಲ, ಮರಿಯದಾಸ್!

ಸ್ವರ್ಣಪ್ರಾಪ್ತಿ ಗೋಲ್ಡ್ ಲೋನ್ ಫುಟ್ಬಾಲ್ ಕ್ರೀಡಾಂಗಣ.
ಮೊದಲ ನಾಲ್ಕಕ್ಕೆ ನಾಲ್ಕೂ ಒತ್ತೇ.

ಹೆಸರು ಐದು ವರ್ಷಕ್ಕಂತೆ,
ಆಮೇಲೆ ಬಿಡಿಸಿಕೊಳ್ಳಬಹುದಂತೆ.
ನಮ್ಮ ಸಗಾಯಮೇರಿಯ ಓಲೆಗೂ ಹಾಗೇ ಹೇಳಿದ್ದರು.

ಬಿಳಿ ಬಳಿದೆ, ಎರಡು ಕೋಟು.
ಬಿಸಿಲೇರಿದಂತೆ ಅಡಿಯಿಂದ
ಅಪ್ಪ ಬರೆದ ‘ಐದನೇ ಶಾಫ್ಟ್ ಮೈದಾನ’
ಎದ್ದು ಬರತೊಡಗಿತು,
ಪಾಳಿ ಮುಗಿಸಿ ಗಣಿಯಿಂದ ಮೇಲೇರುವವರ ಹಾಗೆ,
ಮೊದಲು ತಲೆಕಟ್ಟು.

ಕೆಳಗೆ ಹುಡುಗರ ಚೆಂಡು
ಸೈನೈಡ್ ದಿಬ್ಬಕ್ಕೆ ಹಾರಿ
ಬೂದಿ ಮೆತ್ತಿಕೊಂಡು ವಾಪಸು.

ಮಾರಿಕುಪ್ಪಂ ಟ್ರೈನಿಂದ ಇಳಿದವನೊಬ್ಬ
ಕತ್ತೆತ್ತಿ ಕೇಳಿದ, ಫೈನಲ್ ಎಲ್ಲಣ್ಣ?

ಐದನೇ ಶಾಫ್ಟಲ್ಲಿ, ಅಂದೆ,
ಮೂರನೇ ಕೋಟಿಗೆ ಕುಂಚ ಅದ್ದುತ್ತ.