ಮೂರು ಕಿವಿಯ ಮನೆ

ಸೌತೆ ಉಪ್ಪಿನಕಾಯಿಯ ಖಾಲಿ ಜಾಡಿಯೊಳಗೆ
ಆರುನೂರು ಝ್ಲೋಟಿ. ಅಷ್ಟೇ.
ಚಳಿಗಾಲದ ಬೂಟು ಈ ವರ್ಷ ಬೇಡ ಅಂದವನು ಅವನು,
ಹೋದ ವರ್ಷದ್ದಕ್ಕೇ ಹೊಲಿಗೆ ಹಾಕಿಸಿದವಳು ನಾನು.

ವೂಚ್ ಪಟ್ಟಣದ ನಾಲ್ಕನೇ ಮಹಡಿ,
ಕಾಂಕ್ರೀಟಿನ ಬೆಂಕಿಪೊಟ್ಟಣ ನಮ್ಮ ಕೋಣೆ.
ಮಾವನ ಕಾಲದ ಎರಡು ಸ್ಪೀಕರು,
ಕಪಾಟಿನಷ್ಟು ಭಾರ,
ಬಾಯಿಯ ಸುತ್ತಿನ ಫೋಮು
ಹಳೇ ರಸ್ಕಿನ ಹಾಗೆ ಪುಡಿಪುಡಿ.
ಡ್ರಮ್ಮಿನ ಪೆಟ್ಟು ಬಿದ್ದರೆ
ಮುದುಕ ಕೆಮ್ಮಿದಂತೆ.

ಲುದೋಮಿರನಿಗೆ ಐದು ಬೇಕು.
ಮುಂದೆ ಮೂರು, ಬೆನ್ನಿಗೆ ಎರಡು,
ಮೂಲೆಯಲ್ಲಿ ನೆಲ ನಡುಗಿಸುವ ದಪ್ಪ ಡಬ್ಬ.
ಹೆಲಿಕಾಪ್ಟರು ತಲೆಯ ಹಿಂದಿನಿಂದ ಬರಬೇಕಂತೆ.
ಬರಲಿ, ಅಂದೆ,
ಬಂದದ್ದು ನಿನಗೆ ಗೊತ್ತಾಗುವುದು ಹೇಗೆ?
ಇಪ್ಪತ್ತೆರಡು ವರ್ಷ ಮಗ್ಗಗಳ ನಡುವೆ ನಿಂತು
ಎಡಗಿವಿಯನ್ನು ಗಿರಣಿಗೇ ಬಿಟ್ಟು ಬಂದವನು.
ಗಿರಣಿ ಮುಚ್ಚಿತು.
ಕಿವಿ ವಾಪಸು ಕೊಡಲಿಲ್ಲ.

ಅವನು ನಕ್ಕ. ಪೆನ್ಸಿಲು ಹುಡುಕಿ
ಕರೆಂಟು ಬಿಲ್ಲಿನ ಹಿಂದೆ ಲೆಕ್ಕ ಹಾಕಿದ:
ನಿನ್ನವೆರಡು, ನನ್ನದೊಂದು.
ಹಾಸಿಗೆ ಇದ್ದಷ್ಟು ಕಾಲು,
ಕಿವಿ ಇದ್ದಷ್ಟು ಸ್ಪೀಕರು.

ದಪ್ಪ ಡಬ್ಬದ ಆಸೆಯನ್ನು
ಕೆಳಮನೆಯ ಗೆನೊವೆಫಾಳಿಗಾಗಿ ಬಿಟ್ಟೆವು.
ಅವಳಿಗೂ ನಮಗೂ ಒಂದೇ ಬಿಸಿನೀರಿನ ಪೈಪು,
ಅವಳ ಕೈಯಲ್ಲೊಂದು ಚಮಚ.
ರಾತ್ರಿ ಹತ್ತಾಯಿತೋ,
ಟಣ್ ಟಣ್.

ಭಾನುವಾರದ ಗುಜರಿ ಸಂತೆ.
ಒದ್ದೆ ರಟ್ಟಿನ ಮೇಲೆ ಫೋರ್ಕುಗಳು, ಪದಕಗಳು, ಹಲ್ಲಿಲ್ಲದ ಬೊಂಬೆ,
ಅವುಗಳ ನಡುವೆ ಕಪ್ಪು ಆಂಪ್ಲಿಫೈಯರು.
ಬಲಗಡೆ ಕರಕರ ಅನ್ನುತ್ತೆ, ಅಂದ ಮಾರುವವನು,
ಮುಚ್ಚಿಡೋದಿಲ್ಲ ನಾನು.
ಟ್ರಾಮ್ ಡಿಪೋದಲ್ಲಿ ಹತ್ತೊಂಬತ್ತು ವರ್ಷ
ತಂತಿ ಬೆಸೆದ ಕೈ ಇದು. ಅನ್ನಲಿ, ಅಂದೆ.
ಇನ್ನೂರ ಇಪ್ಪತ್ತಕ್ಕೆ ಕುದುರಿತು.
ಗುಂಡಿಯೊಳಗಿನ ಧೂಳು ಒರೆಸಿ
ಊದಿಕೊಂಡ ಒಂದು ಕೆಪಾಸಿಟರು ಬದಲಿಸಿದ ಮೇಲೆ
ಕರಕರ ಎಲ್ಲಿಗೆ ಹೋಯಿತೋ.

ಫೋಮಿನ ಬಳೆಗಳು ಅಂಚೆಯಲ್ಲಿ ಬಂದವು, ಮೂವತ್ತೆಂಟು.
ಗೋಂದು ಒಣಗುವ ತನಕ
ಬಟ್ಟೆ ಕ್ಲಿಪ್ಪುಗಳ ಕಿರೀಟ ತೊಟ್ಟು
ಅಡಿಗೆ ಮೇಜಿನ ಮೇಲೆ ಮಲಗಿದ್ದವು ಎರಡೂ.
ಅವತ್ತು ನಾವು ನಿಂತೇ ಉಂಡೆವು.

ಬಿಟ್ಟಿ ರಿಪೇರಿಯೂ ಒಂದಿತ್ತು.
ಸೋಫಾವನ್ನು ಗೋಡೆಯಿಂದ ಎರಡು ಗೇಣು ಈಚೆ ಎಳೆದೆವು.
ಇಷ್ಟು ವರ್ಷ ಬಾವಿಯೊಳಗಿಂದ ಹಾಡುತ್ತಿದ್ದವಳು
ಕಟ್ಟೆ ಹತ್ತಿ ಕೂತಳು.
ಸೋಫಾದ ಹಿಂದೆ ಸಿಕ್ಕಿದ್ದು:
ಕೋಟಿನ ಗುಂಡಿ, ಒಣಗಿದ ಬಟಾಣಿ, ಎರಡು ಝ್ಲೋಟಿ.
ಜಾಡಿಗೆ ಹಾಕಿದೆ.

ಮೂರನೆಯದು, ನಡುವಿನದು,
ನಾನೊಬ್ಬಳೇ ಹೋಗಿ ತಂದೆ.
ಎಷ್ಟಾಯಿತು? ನೂರ ಎಂಬತ್ತು.
ಕೋಟು ಕಳಚುತ್ತ, ಬೆನ್ನು ತಿರುಗಿಸಿ ಹೇಳಿದೆ.

ನಮ್ಮ ಟಿವಿಯಲ್ಲಿ ಪರದೇಶದ ಸಿನಿಮಾ ಅಂದರೆ
ಒಬ್ಬನೇ ಗಂಡಸು.
ಕಳ್ಳ, ಪೊಲೀಸು, ಮಗು, ಸಾಯುತ್ತಿರುವ ಅಜ್ಜಿ,
ಎಲ್ಲರ ಮಾತನ್ನೂ ಅವನೇ
ಹಾಲಿನ ಲೆಕ್ಕ ಒಪ್ಪಿಸಿದ ಹಾಗೆ ಓದುತ್ತಾನೆ.
ಅಸಲು ದನಿಗಳೆಲ್ಲ ಅವನ ಅಡಿಯಲ್ಲಿ
ಚಾಪೆಯ ಕೆಳಗಿನ ಧೂಳು.
ಆ ರಾತ್ರಿ, ಹೋಗಬೇಡ ಅಂತ ಅವನು ಓದುವ
ಅರೆಗಳಿಗೆ ಮೊದಲು,
ಅವಳು ಒಳಗೆ ಎಳೆದುಕೊಂಡ ಉಸಿರು ಕೇಳಿಸಿತು.
ಆಮೇಲೆ, ಕಾಗದ ಮಗುಚಿದ ಸದ್ದು.
ಓದುವವನಿಗೂ ಕೈಗಳಿದ್ದವು!
ಲುದೋಮಿರ್ ನನ್ನ ಕಡೆ ನೋಡಿದ.
ಕೇಳಿತಾ, ಅಂದ.
ಅವನು ಹಾಗೆ ಕೇಳಿ ಎಷ್ಟು ಕಾಲವಾಗಿತ್ತು.
ಯಾವಾಗಲೂ ಅದು ನನ್ನ ಪ್ರಶ್ನೆ.

ಈಗ ಮಲಗಿದ್ದಾನೆ,
ಒಳ್ಳೆಯ ಕಿವಿಯನ್ನು ದಿಂಬಿಗೆ ಒತ್ತಿ.
ಲೋಕಕ್ಕೆ ಅಲ್ಲಿಗೆ ಬೀಗ.
ಮೇಲೆ ಉಳಿದ ಗಿರಣಿಯ ಕಿವಿಗೆ ಬಗ್ಗಿ
ಮೆಲ್ಲಗೆ ಹೇಳಿದೆ:
ನೂರ ಎಂಬತ್ತಲ್ಲ ಮಾರಾಯಾ,
ಇನ್ನೂರ ಅರವತ್ತು.

ಅವನ ಉಸಿರು ಅದೇ ಲಯದಲ್ಲಿತ್ತು.
ಕೆಳಗಿನಿಂದ, ಪೈಪಿನ ಮೇಲೆ,
ಒಂದೇ ಒಂದು ಸಲ
ಟಣ್.