ನಾನೂರ ಎಂಬತ್ತು

ಗೇಟು ದಾಟಿ ಎಡಕ್ಕೆ, ಕ್ಯಾಂಟೀನಿಗಿಂತ ಮೊದಲು ನನ್ನ ಕೋಣೆ.
ಒಂದು ಮಂಚ, ತೂಕದ ಯಂತ್ರ,
ಪೆಟ್ಟಿಗೆ ತುಂಬ ಊದುವ ಕೊಳವೆಗಳು.
ಕಿಟಕಿಯಾಚೆ ಹೈಟೆನ್ಷನ್ ಕಂಬದ ತುದಿಯಲ್ಲಿ ಕೊಕ್ಕರೆ ಗೂಡು.
ಎಸ್ತರ್ರೇಜದ ಕೊಕ್ಕರೆಗಳಿಗೆ ಯಾಕೋ ಮರ ಹಿಡಿಸುವುದಿಲ್ಲ.

ಅದೆರಿತೊ ಐಸೊಸಯನೇಟ್ ವಿಭಾಗದವನು.
ಹತ್ತೊಂಬತ್ತು ವರ್ಷದಿಂದ ಡ್ರಮ್ಮು ತುಂಬುತ್ತಾನೆ, ಮುಚ್ಚಳ ಬಿಗಿಯುತ್ತಾನೆ.
ಮೂಗಿಗೆ ವಾಸನೆ ಬಡಿಯಿತೆಂದರೆ ಆಗಲೇ ತಡವಾಗಿದೆ,
ಅವನಿಗೂ ಗೊತ್ತು, ನನಗೂ ಗೊತ್ತು,
ಗೋಡೆಗೆ ಅಂಟಿಸಿದ ಹಳದಿ ಪಟಕ್ಕೂ ಗೊತ್ತು.

ಕೊಳವೆ ಕೊಡುವಾಗ ಹೇಳಿದ್ದೆ:
ನಿಂತುಕೋ. ಎದೆ ತುಂಬ ಎಳೆದುಕೋ.
ಸೂಪು ಆರಿಸುವ ಹಾಗಲ್ಲ, ಬೈಗುಳ ಉಗಿದ ಹಾಗೆ, ಒಂದೇ ಏಟಿಗೆ.
ಮೂರು ಸಲ ಊದು, ಹೆಚ್ಚಿನದನ್ನು ಬರೆ.
ಎರಡೆರಡು ಗಂಟೆಗೊಮ್ಮೆ, ಎದ್ದಾಗಿನಿಂದ ಮಲಗುವ ತನಕ,
ನಾಲ್ಕು ವಾರ, ರಜೆಯ ದಿನವೂ.
"ರಜೆಯ ದಿನ ಯಾಕೆ?" ಎಂದ.
ಸಾಕ್ಷಿ ಹೇಳುವುದೇ ಆ ದಿನಗಳು ಎನ್ನಲಿಲ್ಲ.
"ಹಾಳೆಯಲ್ಲಿ ಜಾಗ ಇದೆಯಲ್ಲ" ಎಂದೆ.

ಹಾಳೆ ವಾಪಸು ಬಂತು.
ನಾನೂರ ಎಂಬತ್ತು. ನಾನೂರ ಎಂಬತ್ತು. ನಾನೂರ ಎಂಬತ್ತು.
ನಡುನಡುವೆ ಒಂದು ನಾನೂರ ಎಪ್ಪತ್ತು, ನಂಬಿಕೆ ಬರಲೆಂದು.
ಒಂದೇ ಪೆನ್ನು, ಒಂದೇ ಒತ್ತು, ಒಂದೇ ಓರೆ;
ಎಲ್ಲೂ ಕಾಫಿ ಕಲೆಯಿಲ್ಲ, ಎಣ್ಣೆ ಬೆರಳಿಲ್ಲ.
ಇಷ್ಟು ಸಮನಾಗಿ ಉಸಿರಾಡುವುದು ನಮ್ಮ ಮೂರನೇ ಪಂಪು ಮಾತ್ರ,
ಅದೂ ದುರಸ್ತಿಯಾದ ಮೊದಲ ವಾರ.

ಬೈಯಲಿಲ್ಲ. ಲೆಕ್ಕ ನನಗೂ ಬರುತ್ತದೆ.
ಮಗಳಿಗೆ ಕೊಯಿಂಬ್ರಾದಲ್ಲಿ ಬಾಡಿಗೆ ಕೋಣೆ,
ಮನೆಯ ಕಂತು ಇನ್ನೂ ಒಂಬತ್ತು ವರ್ಷ.
ಹೋದ ಚಳಿಗಾಲ ಬೆಲ್ಮಿರೊ ಇದ್ದದ್ದನ್ನು ಇದ್ದ ಹಾಗೆ ಬರೆದ.
ಈಗ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆ ಎಣಿಸುತ್ತಾನೆ,
ರಾತ್ರಿಪಾಳಿಯ ಭತ್ಯೆ ಹೋಯಿತು,
ಮೆಟ್ಟಿಲು ಹತ್ತಲು ಬಂತು.
ಭತ್ಯೆ ಹೋದದ್ದು ಎಲ್ಲರಿಗೂ ಕಂಡಿತು.
ನನ್ನ ಸಂಬಳದ ಚೀಟಿಯ ಮೇಲೂ, ಹೇಳಿಬಿಡುತ್ತೇನೆ, ಅದೇ ಕಂಪನಿಯ ಮುದ್ರೆ.

ಗುರುವಾರ ಸಂಜೆ ಊರ ಬ್ಯಾಂಡಿನ ಅಭ್ಯಾಸ.
ನಾನು ಕ್ಲಾರಿನೆಟ್. ಅವನು ಬೊಂಬಾರ್ದಿನೊ,
ಜ್ವರದ ಮಗುವಿನಂತೆ ಎದೆಗೊರಗಿಸಿಕೊಂಡ ಹಿತ್ತಾಳೆ.
ಕ್ವಿಂತಿನೊ ಮೇಷ್ಟ್ರಿಗೆ ಎಂಬತ್ತೊಂದು.
ಅವರ ಸ್ವರಹಾಳೆಯಲ್ಲಿ, ಅದೆರಿತೊನ ಸಾಲಿನ ಮೇಲೆ,
ಉಸಿರು ಎಳೆದುಕೊಳ್ಳುವಲ್ಲಿ ಪೆನ್ಸಿಲಿನ ಅಲ್ಪವಿರಾಮ.
ಮೊದಲು ಎಂಟು ಆವರ್ತಕ್ಕೆ ಒಂದಿತ್ತು.
ಆಮೇಲೆ ನಾಲ್ಕಕ್ಕೆ. ಈಗ ಎರಡಕ್ಕೆ.
ಪಕ್ಕದಲ್ಲೇ ತಾರೀಕು, ಹಳೆಯ ಕಾಲದವರು.
ಆಗಸ್ಟಿನಲ್ಲಿ ಕಾರ್ಖಾನೆ ಮೂರು ವಾರ ಮುಚ್ಚಿದಾಗ
ಅಷ್ಟನ್ನೂ ರಬ್ಬರಿನಿಂದ ಉಜ್ಜಿದ್ದಾರೆ;
ಸೆಪ್ಟೆಂಬರಿನಲ್ಲಿ ಮತ್ತೆ ಬರೆದಿದ್ದಾರೆ.
ಉಜ್ಜಿ ಬರೆದು ಉಜ್ಜಿ ಬರೆದು
ಆ ಸಾಲಿನಲ್ಲಿ ಕಾಗದ ತೆಳ್ಳಗಾಗಿ ಬೆಳಕು ತೂರುತ್ತದೆ.

"ರಜೆಯಲ್ಲಿ ಚೆನ್ನಾಗಿ ಊದುತ್ತಾನೆ ಹುಡುಗ," ಎಂದರು ಮೇಷ್ಟ್ರು,
"ಕೆಲಸ ಶುರುವಾದರೆ ಸೋಮಾರಿ."

ಈ ಪುಟವನ್ನು ಯಾವ ಕಡತಕ್ಕೆ ಸೇರಿಸಲಿ?

ಶುಕ್ರವಾರ ಪಾಳಿ ಮುಗಿಯುವ ಹೊತ್ತಿಗೆ ಕರೆಸಿ ಊದಿಸಿದೆ.
ಮುನ್ನೂರ ಹತ್ತು.
"ಕೊಳವೆ ಕೆಟ್ಟಿದೆ, ದೋನಾ ಝುಲ್ಮಿರಾ."
ನಾನು ಊದಿದೆ: ನಾನೂರ ಮೂವತ್ತು.
ಅವನಿಗಿಂತ ಒಂದು ಗೇಣು ಕುಳ್ಳಿ ನಾನು, ಸಿಗರೇಟು ಬೇರೆ ಸೇದಿದವಳು.
ಅವನು ಮಾತಾಡದೆ ಕೊಳವೆಯನ್ನು ಬೋರಲು ಹಿಡಿದು
ಎಂಜಲು ಝಾಡಿಸಿದ, ಬ್ಯಾಂಡಿನವರ ರೂಢಿ.
"ಬರೆದರೆ ಏನಾಗುತ್ತದೆ?" ಎಂದ.
ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.
ಹೊಸ ಹಾಳೆ ಮಡಿಸಿ ಜೇಬಿಗೆ ತುರುಕಿಕೊಂಡು ಹೋದ.

ಮಂಗಳವಾರ ನನ್ನ ಬಾಗಿಲಡಿ ಆ ಹಾಳೆ ಬಿದ್ದಿತ್ತು.
ಒಂದೇ ಒಂದು ಚೌಕ ತುಂಬಿದೆ:
ಸೋಮವಾರ, ರಾತ್ರಿ ಎರಡು ಗಂಟೆ, ಇನ್ನೂರ ಅರವತ್ತು.
ಈ ಸಲ ಪೆನ್ಸಿಲಿನಲ್ಲಿ. ಅಂಕಿಯ ಪಕ್ಕ ಒಂದು ಅಲ್ಪವಿರಾಮ.

ಹಾಳೆ ವಾಪಸು ಕೊಡಬೇಕು.
ಇನ್ನೂ ಇಪ್ಪತ್ತೇಳು ದಿನ ಇದೆ.