ಹನ್ನೊಂದನೆಯ ಹೆಜ್ಜೆ

ಹದಿನಾರು ಗುಂಡಿಗಳನ್ನೂ ಹಾಲ್ಶ್ಕಾ
ಒಂದೇ ಸ್ವರಕ್ಕೆ ತಿರುಗಿಸಿ ನಿಲ್ಲಿಸಿದಳು.
ಏರಿಲ್ಲ, ಇಳಿಯಿಲ್ಲ,
ರಾಗದ ಆಮಿಷ ಮೊದಲೇ ಇಲ್ಲ.
ಕೆಳಮನೆಯ ಸೆವೆರಿನ್ ಪೊರಕೆಯ ಹಿಡಿಯಲ್ಲಿ
ಸೂರು ಕುಟ್ಟಿ ಕೂಗಿದ:
ಹಾಡಿದ್ದೇ ಹಾಡುತ್ತೀಯಲ್ಲೇ ತಾಯಿ,
ಇನ್ನೊಂದು ಸ್ವರ ಸಾಲ ಕೊಡಲೇನು?

ಸಾಲ ಕೇಳುವವಳಲ್ಲ ಅವಳು.
ಇದ್ದ ಒಂದನ್ನೇ ಹಿಟ್ಟಿನ ಮುದ್ದೆಯ ಹಾಗೆ
ಅಂಗೈಯಡಿ ಇಟ್ಟು ನಾದಿದಳು,
ನಾದಿದಷ್ಟೂ ನಾದ.
ನಾಲ್ಕನೆಯದನ್ನು ಮೊಟಕು ಮಾಡಿದಳು, ಒಂದು ಸೀನಿನಷ್ಟು.
ಏಳರ ಬಾಲ ಎಳೆದು ಎಂಟರ ಕಾಲ ಮೇಲೆ ಚೆಲ್ಲಿದಳು.
ಒಂಬತ್ತರ ಬಾಯಿ ಪೂರಾ ಮುಚ್ಚಿ
ಪಂಕ್ತಿಯಲ್ಲಿ ಅದಕ್ಕೂ ಒಂದು ಮಣೆ ಹಾಕಿದಳು.
ಫಿಲ್ಟರಿನ ಕದಕ್ಕೆ ಸೋಮಾರಿ ಅಲೆಯೊಂದನ್ನು ಕಟ್ಟಿದಳು;
ಅದು ಹದಿನಾರಕ್ಕೆ ಒಪ್ಪದೆ
ಹದಿಮೂರಕ್ಕೇ ಮನೆಗೆ ಮರಳುತ್ತದೆ,
ಪ್ರತಿ ಸುತ್ತಿಗೂ ಬೆಳಕು
ಬೇರೆ ಹಲ್ಲಿನ ಮೇಲೆ ಬೀಳುತ್ತದೆ.
ಆಗ ಉ ಎಂದದ್ದು ಈಗ ಓ,
ಆಮೇಲೆ ಆ, ಮತ್ತೆ ತುಟಿ ಕೂಡಿ ಮ್.
ಸ್ವರ ಕದಲಲಿಲ್ಲ.
ಸ್ವರಾಕ್ಷರ ಕದಲಿತು.

ವುಚ್ ಪಟ್ಟಣದ ಹತ್ತಿಗಿರಣಿಯಲ್ಲಿ
ಮೂವತ್ತೊಂದು ವರ್ಷ ಆರು ಮಗ್ಗ ಕಾದವಳು ಅಮ್ಮ.
ಕಿವಿಯನ್ನು ಅಲ್ಲಿ ಕೊಟ್ಟು ಪಿಂಚಣಿ ತಂದವಳು.
ಈಗ ಗಿರಣಿಯೊಳಗೆ ಸಿನಿಮಾ, ಐಸ್‌ಕ್ರೀಮು;
ಅಮ್ಮನ ಮನೆಯಲ್ಲಿ ಬಾಗಿಲ ಗಂಟೆಗೆ ಬದಲು
ಮಿನುಗುವ ಒಂದು ದೀಪ.
ಟೀ ಲೋಟ ಇಡಲು ಬಂದವಳು
ಮೇಜಿಗೆ ಕೈ ಊರಿದಳು.
ಊರಿದ ಕೈ ತೆಗೆಯಲಿಲ್ಲ.

ಒಂದು ಸುತ್ತು. ಇನ್ನೊಂದು.
ತನ್ನ ದನಿ ತನಗೆ ಕೇಳದವರ ಜೋರಿನಲ್ಲಿ ಹೇಳಿದಳು:
ಐದನೇ ಮಗ್ಗದ ಪಟ್ಟಿ ಸಡಿಲ ಆಗಿದೆ.
ಮೇಸ್ತ್ರಿಯನ್ನು ಕರಿ.

ಹಾಲ್ಶ್ಕಾ ಬೆರಳು ಮಡಿಸಿ ಎಣಿಸಿದಳು.
ಹನ್ನೊಂದು.
ಹಿಂದಿನ ರಾತ್ರಿ ಅದೊಂದನ್ನೇ
ಕೂದಲೆಳೆಯಷ್ಟು ತಡವಾಗಿಸಿದ್ದಳು,
ತನಗೇ ಕೇಳಿಸೀತೋ ಇಲ್ಲವೋ ಎಂಬಷ್ಟು.
ಗೆಳೆಯರು ಯಾರೂ ಹಿಡಿದಿರಲಿಲ್ಲ.
ಸೆವೆರಿನ್ನನಂತೂ ಕೆಳಗೆ ಕುಟ್ಟುತ್ತಲೇ ಇದ್ದ,
ಈಗೀಗ, ಪಾಪ, ಒಂಬತ್ತರ ಖಾಲಿ ಮಣೆಯ ಮೇಲೇ.

ಸರಿಮಾಡಲೇ ಎಂದು ಗುಂಡಿಗೆ ಕೈ ಚಾಚಿದರೆ
ಅಮ್ಮ ಆ ಕೈಯ ಮೇಲೆ ಮೆಲ್ಲಗೆ ಹೊಡೆದಳು:
ಓಡುವಾಗ ಮುಟ್ಟಬೇಡ, ಎಳೆ ಕಡಿಯುತ್ತೆ.
ಟೀ ಆರಿತು. ಒಂದು ಕೈ ಮೇಜಿನ ಮೇಲೆ ಹಾಗೇ;
ಇನ್ನೊಂದರ ಹೆಬ್ಬೆರಳು ತೋರುಬೆರಳು
ಗಾಳಿಯಲ್ಲಿ ಕಾಣದ ನೂಲಿಗೆ
ಗಂಟು ಹಾಕುತ್ತಿದ್ದವು.